ಕಿಟಕಿ ಒಂದಿಂಚು ತೆಗೆದಿರಲಿ

2024ರ ದೀಪಾವಳಿ ಮುಗಿದ ಮೇಲೆ ಒಂದು ಭಾನುವಾರ ಮಗಳು ಫೋನ್ ಮಾಡಿ, "ಅಪ್ಪ, ವ್ಯಾನಿಗೆ ಹೀಟರ್ ಹಾಕಿಸಿ ಆಯ್ತು. ಜನವರೀಲಿ ನಾರ್ಕಂಡಾಗೆ ಹೋಗೋಣ. ನೀನೂ ಅಮ್ಮನೂ ಬರಲೇಬೇಕು" ಅಂದಳು. ನಾನು ಕೇಳಿದ ಮೊದಲ ಪ್ರಶ್ನೆ, "ಹೀಟರ್‌ನ ಹೊಗೆ ಎಲ್ಲಿ ಹೋಗುತ್ತೆ?" ಎರಡನೇ ಪ್ರಶ್ನೆ, "ವ್ಯಾನಿನ ಮಾಡಿನಲ್ಲಿ ಗಾಳಿ ಕಿಂಡಿ ಇದೆಯಾ?" ಅವಳು ನಕ್ಕು, "ಚಳಿ ತಡೆಯೋಕೆ ಇಷ್ಟೆಲ್ಲ ಖರ್ಚು ಮಾಡಿದೀವಿ, ನೀನು ಕಿಂಡಿ ಕೇಳ್ತಿದೀಯಲ್ಲಪ್ಪ" ಅಂದಳು. ನಾನೂ ನಕ್ಕೆ. ಆದರೆ ನಗು ಬಂದಿರಲಿಲ್ಲ.

ವ್ಯಾನಿನ ವಿಷಯ ಮೊದಲು ಹೇಳಿಬಿಡ್ತೀನಿ. ಗುರುಗ್ರಾಮದಲ್ಲಿರುವ ಮಗಳು, ಅಳಿಯ ಇಬ್ಬರೂ ಸೇರಿ ಒಂದು ಹಳೇ ಫೋರ್ಸ್ ಟ್ರಾವೆಲರ್ ಕೊಂಡು, ಸೀಟೆಲ್ಲ ಕೀಳಿಸಿ, ಒಳಗೆ ಮಂಚ, ಸಿಂಕು, ಗ್ಯಾಸ್ ಒಲೆ, ಪುಟ್ಟ ಫ್ರಿಜ್ಜು ಎಲ್ಲ ಕೂರಿಸಿದ್ದಾರೆ. ರಜಾ ಸಿಕ್ಕರೆ ಸಾಕು, ಮೂರು ವರ್ಷದ ಮೊಮ್ಮಗನನ್ನ ಕಟ್ಟಿಕೊಂಡು ಹೊರಟುಬಿಡ್ತಾರೆ. ನಮ್ಮ ಕಾಲದಲ್ಲಿ ಎಲ್‌ಟಿಸಿ ಸಿಕ್ಕಾಗ ರೈಲಲ್ಲಿ ಊರಿಗೆ ಹೋಗೋದೇ ಪ್ರವಾಸ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದರೆ ಅದೇ ನಮ್ಮ ಕ್ಯಾರವಾನ್. ಇರಲಿ.

ತಗಡಿನ ಗಾಡೀಲಿ ಚಳಿಗಾಲ ಕಳೆಯೋದು ಸುಲಭ ಅಲ್ಲ. ಬಿಸಿಲಿಗೆ ಕಾವಲಿ, ಚಳಿಗೆ ಐಸ್ ಪೆಟ್ಟಿಗೆ. ಅಳಿಯ (ಹುಟ್ಟಿ ಬೆಳೆದದ್ದೆಲ್ಲ ದೆಹಲೀಲೇ, ನಮ್ಮಿಬ್ಬರ ಮಾತು ಹಿಂದಿಯಲ್ಲಿ) ಒಂದು ಮಾತು ಸರಿಯಾಗಿ ಹೇಳಿದ. ಬಿಸಿ ಹುಟ್ಟಿಸೋದು ದೊಡ್ಡ ವಿಷಯ ಅಲ್ಲ, ಹುಟ್ಟಿದ ಬಿಸಿ ಸೋರಿ ಹೋಗದ ಹಾಗೆ ನೋಡಿಕೊಳ್ಳೋದೇ ಕಷ್ಟ ಅಂತ. ಬ್ಯಾಂಕಿನವನಿಗೆ ಇದು ತಕ್ಷಣ ಅರ್ಥವಾಯ್ತು. ಗೋಡೆಗೆಲ್ಲ ಫೋಮ್ ಶೀಟ್ ಅಂಟಿಸಿ ಮೇಲೆ ಪ್ಲೈವುಡ್ ಹೊಡೆಸಿದ್ದಾನೆ. ಗಾಡಿಯ ಕಬ್ಬಿಣದ ಪಕ್ಕೆಲುಬುಗಳಿಗೂ ಬಿಡದೆ ಫೋಮ್ ಸುತ್ತಿಸಿದ್ದಾನೆ, ಯಾಕಂದ್ರೆ ಎಲ್ಲ ಮುಚ್ಚಿ ಅದೊಂದನ್ನ ಬಿಟ್ಟರೆ ಚಳಿ ಆ ಕಬ್ಬಿಣದ ಮೂಲಕವೇ ಒಳಗೆ ಇಳಿಯುತ್ತೆ. ಇನ್ನು ಗಾಜು. ಬಿಸಿ ಅತಿ ಹೆಚ್ಚು ಸೋರೋದು ಅಲ್ಲಿಂದ. ಅದಕ್ಕೆ ಬೆಳ್ಳಿ ಬಣ್ಣದ ಗುಳ್ಳೆ ಗುಳ್ಳೆ ಶೀಟನ್ನ ಕಿಟಕಿ ಅಳತೆಗೆ ಕತ್ತರಿಸಿ ಇಟ್ಕೊಂಡಿದ್ದಾರೆ, ಸಂಜೆಯಾದ ಕೂಡಲೇ ಒಂದೊಂದಾಗಿ ಒತ್ತಿ ಕೂರಿಸೋದು. ಡ್ರೈವರ್ ಸೀಟಿನ ಹಿಂದೆ ದಪ್ಪ ಪರದೆ. ನನ್ನ ಕಾಣಿಕೆ ಅಂದ್ರೆ ಊರಿಂದ ತಂದಿಟ್ಟಿದ್ದ ಎರಡು ಚಳ್ಳಕೆರೆ ಕಂಬಳಿ. ಒಂದು ನೆಲಕ್ಕೆ ಹಾಸಿದ್ವಿ. ಕಾಲಡಿಯ ಚಳಿ ನಿಂತದ್ದು ಅದರಿಂದ ಅಂತ ನಾನು ಈಗಲೂ ವಾದ ಮಾಡ್ತೀನಿ.

ಹೀಟರ್ ಡೀಸೆಲ್‌ನದ್ದು. ಎರಡು ಕಿಲೋವ್ಯಾಟಿನ ಪುಟ್ಟ ಪೆಟ್ಟಿಗೆ, ಸೀಟಿನ ಕೆಳಗೆ ಕೂತಿರುತ್ತೆ. ಇದರಲ್ಲಿ ಗಾಳಿಗೆ ಎರಡು ದಾರಿ. ಒಂದು ದಾರಿ ಬೆಂಕಿಯದ್ದು. ವ್ಯಾನಿನ ಅಡಿಯಿಂದ ಹೊರಗಿನ ಗಾಳಿ ಎಳೆದುಕೊಂಡು, ಡೀಸೆಲ್ ಉರಿಸಿ, ಹೊಗೆಯನ್ನ ಬೇರೆ ಕೊಳವೆಯಲ್ಲಿ ಮತ್ತೆ ಹೊರಗೇ ಬಿಡುತ್ತೆ. ಇನ್ನೊಂದು ದಾರಿ ನಮ್ಮದು. ಒಳಗಿನ ಗಾಳಿ, ಕಾದ ಲೋಹದ ಮೇಲೆ ಹಾದು, ಬಿಸಿಯಾಗಿ ವಾಪಸ್ ಬರುತ್ತೆ. ಇವೆರಡೂ ಎಲ್ಲೂ ಸೇರಲ್ಲ. ಗಂಟೆಗೆ ಕಾಲು ಲೀಟರ್ ಡೀಸೆಲ್ಲೂ ಬೇಕಿಲ್ಲ. ಆದರೆ ಫ್ಯಾನು, ಪಂಪು ತಿರುಗೋಕೆ ಬ್ಯಾಟರಿ ಬೇಕು. ಹೊತ್ತಿಕೊಳ್ಳುವಾಗ ಕೆಲವು ನಿಮಿಷ ಎಂಟು-ಹತ್ತು ಆಂಪಿಯರ್ ಎಳೆಯುತ್ತೆ, ಆಮೇಲೆ ಒಂದೆರಡರಲ್ಲಿ ಸುಧಾರಿಸುತ್ತೆ. ಈ ಬ್ಯಾಟರಿ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಅಳಿಯನ ಮನೆ ಮುಂದೆ ನಿಂತು ನಾನು ಬಗ್ಗಿ ಬಗ್ಗಿ ಹೊಗೆ ಕೊಳವೆ ನೋಡಿದೆ. "ಪಾಪಾ, ಹೊಗೆ ಹೊರಗೇ ಹೋಗುತ್ತಲ್ಲ, ಇನ್ನು ಮಾಡಿನ ಕಿಂಡಿ ಯಾಕೆ ತೆಗೆದಿಡಬೇಕು?" ಅಂತ ಅವನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ನಾನು ಹೇಳಿದ್ದು ಬೆವರಿನ ಕಾರಣ. ಐದು ಜನ ರಾತ್ರಿಯಿಡೀ ಉಸಿರಾಡಿದರೆ ಆ ತೇವ ಎಲ್ಲಿ ಹೋಗಬೇಕು? ಬಿಸಿ ಅನ್ನದ ಪಾತ್ರೆಯ ಮುಚ್ಚಳದೊಳಗೆ ನೀರಿಳಿಯೋ ಹಾಗೆ ತಗಡಿನ ಮೇಲೆ ಇಳಿಯುತ್ತೆ, ಹಾಸಿಗೆ ಒದ್ದೆ, ಒದ್ದೆ ಹಾಸಿಗೇಲಿ ದುಪ್ಪಟ್ಟು ಚಳಿ. ಗ್ಯಾಸ್ ಒಲೆ ಉರಿಸಿದರಂತೂ ಕೇಳಲೇಬೇಡಿ, ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಾವಿ ಹುಟ್ಟುತ್ತೆ. ಅವನು ಒಪ್ಪಿದ ಹಾಗೆ ಕಂಡ. ಆದರೆ ನನ್ನ ನಿಜವಾದ ಕಾರಣ ಅದಲ್ಲ.

ಆ ಡಿಸೆಂಬರ್‌ನಲ್ಲೇ ಕೇರಳದ ವಡಗರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್‌ನೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಅಲ್ಲಿ ಚಳಿಯೂ ಇಲ್ಲ ಏನೂ ಇಲ್ಲ. ಏಸಿಗೆ ಅಂತ ಓಡುತ್ತಿದ್ದ ಜನರೇಟರ್‌ನ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿಕೊಂಡಿದ್ದು ಕಾರಣ ಅಂತ ಆಮೇಲೆ ಕೋಳಿಕ್ಕೋಡಿನ ಎನ್‌ಐಟಿಯವರ ಪರೀಕ್ಷೇಲಿ ತಿಳೀತು. 2020ರ ಜನವರೀಲಿ ನೇಪಾಳದ ದಾಮನ್‌ನಲ್ಲಿ ಕೇರಳದ ಎಂಟು ಪ್ರವಾಸಿಗರು, ಅದರಲ್ಲಿ ನಾಲ್ಕು ಮಕ್ಕಳು, ಒಂದೇ ಕೋಣೆಯಲ್ಲಿ ಗ್ಯಾಸ್ ಹೀಟರ್ ಹಚ್ಚಿ ಬಾಗಿಲು ಕಿಟಕಿ ಭದ್ರ ಮಾಡಿ ಮಲಗಿದವರು ಏಳಲೇ ಇಲ್ಲ. ನಮ್ಮ ದೆಹಲೀಲಿ ಜನವರಿ ಬಂತಂದ್ರೆ ಪೇಪರ್ ತೆಗೆದರೆ ಸಾಕು, ಅಂಗೀಠಿ ಹಚ್ಚಿಕೊಂಡು ಮಲಗಿದ ಯಾವುದೋ ಡ್ರೈವರ್, ಯಾವುದೋ ಕಾವಲುಗಾರ, ಯಾವುದೋ ಕುಟುಂಬ.

ಆ ಪಟ್ಟೀಲಿ 1995ರಲ್ಲಿ ನಮ್ಮ ಮೂರು ಹೆಸರೂ ಸೇರಬೇಕಿತ್ತು.

ಆಫೀಸರ್ ಪ್ರಮೋಷನ್ ಸಿಕ್ಕಿ 1994ರ ಅಕ್ಟೋಬರ್‌ನಲ್ಲಿ ದೆಹಲಿಗೆ ಬಂದೆ. ಮದುವೆಯಾಗಿ ಒಂದೂವರೆ ವರ್ಷ, ಮೂರು ತಿಂಗಳ ಕೂಸು. ಲಾಜಪತ್ ನಗರದಲ್ಲಿ ಬರ್ಸಾತಿ, ಅಂದ್ರೆ ತಾರಸಿ ಮೇಲಿನ ಒಂಟಿ ಕೋಣೆ. ತೀರ್ಥಹಳ್ಳಿ ಕಡೆಯಿಂದ ಬಂದ ನನಗೆ ಚಳಿ ಗೊತ್ತು ಅನ್ನೋ ಜಂಬ. ಧನುರ್ಮಾಸದಲ್ಲಿ ಬಚ್ಚಲ ಒಲೆ ಮುಂದೆ ಕೂತು ಚಳಿ ಕಾಯಿಸಿಕೊಂಡು ಬೆಳೆದವನು. ಆದರೆ ನಮ್ಮ ಹಂಚಿನ ಮನೆಯಲ್ಲಿ ಹಂಚು ಹಂಚಿನ ನಡುವೆ ಸಂದು, ಗೋಡೆಗೂ ಮಾಡಿಗೂ ನಡುವೆ ಬೆಕ್ಕು ನುಸುಳೋವಷ್ಟು ಜಾಗ. ಹೊಗೆ ತನ್ನ ಪಾಡಿಗೆ ತಾನು ಹೋಗ್ತಿತ್ತು. ಬೆಂಕಿ ಜೊತೆ ಬದುಕಬಹುದು ಅಂತ ಅಲ್ಲಿ ಕಲಿತಿದ್ದೆ, ಬದುಕಿಸುತ್ತಿದ್ದದ್ದು ಆ ಸಂದುಗಳು ಅನ್ನೋದು ಗೊತ್ತಿರಲಿಲ್ಲ.

ಜನವರಿಯ ಮಂಜಿನಲ್ಲಿ ಕೂಸಿಗೆ ನೆಗಡಿ, ಎದೆಯಲ್ಲಿ ಗೊರಗೊರ. ಮನೆ ಮಾಲೀಕರ ತಾಯಿ, ಪಂಜಾಬಿ ಅಜ್ಜಿ, ತಮ್ಮ ಅಂಗೀಠಿ ಕೊಟ್ಟರು. ಇದ್ದಿಲು ತಾರಸಿಯಲ್ಲೇ ಹಚ್ಚು, ಹೊಗೆ ಪೂರ್ತಿ ಹೋಗಿ ಕೆಂಡವಾದ ಮೇಲೆ ಒಳಗಿಡು, ಕಿಟಕಿ ಸ್ವಲ್ಪ ತೆಗೆದಿಡು ಅಂದಿದ್ದರು. ನಾನು ಮೊದಲೆರಡು ಪಾಲಿಸಿದೆ. ಕಿಟಕಿಗೆ ಹಿಂದಿನ ಭಾನುವಾರವಷ್ಟೇ ಪೇಪರ್ ಅಂಟಿಸಿದ್ದೆ. ಊರಿಂದ ಹಪ್ಪಳ ಸುತ್ತಿ ಬಂದಿದ್ದ ಕನ್ನಡ ಪೇಪರ್, ಮೈದಾ ಅಂಟು ಕಲಸಿ, ಒಂದು ಸಂದೂ ಬಿಡದ ಹಾಗೆ. ಹೊಗೆ ಇಲ್ಲದಿದ್ದರೆ ಅಪಾಯ ಇಲ್ಲ ಅಂತ ಎಷ್ಟೋ ಜನ ಈಗಲೂ ನಂಬ್ತಾರೆ. ಕೆಂಡ ನಿಗಿನಿಗಿ ಅನ್ನುವಾಗಲೇ ಕಾರ್ಬನ್ ಮೊನಾಕ್ಸೈಡ್ ಧಾರಾಳವಾಗಿ ಹೊರಡೋದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತ ಆಮ್ಲಜನಕವನ್ನ ಹಿಡಿಯೋದಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನ ಹಿಡ್ಕೊಳ್ಳುತ್ತೆ.

ರಾತ್ರಿ ಯಾವಾಗಲೋ ಢಬ್ ಅಂತ ಸದ್ದಾಯ್ತು. ನನ್ನಾಕೆ ಕೂಸಿಗೆ ಹಾಲು ಕೊಡೋಕೆ ಎದ್ದವಳು ಬಾಗಿಲ ಹತ್ತಿರ ಬಿದ್ದಿದ್ದಳು. ನನಗೆ ತಲೆ ಸಿಡಿಯೋ ಹಾಗೆ ನೋವು, ಕಾಲಲ್ಲಿ ಬಲವೇ ಇಲ್ಲ. ತೆವಳಿಕೊಂಡು ಹೋಗಿ ಚಿಲಕ ತೆಗೆದದ್ದು ನೆನಪಿದೆ. ಇಬ್ಬರನ್ನೂ ತಾರಸಿಗೆ ಹೇಗೆ ಎಳೆದು ತಂದೆ ಅನ್ನೋದು ನೆನಪಿಲ್ಲ. ಆ ಮಂಜಿನಲ್ಲಿ ಕೂಸು ಅಳಲಿಲ್ಲ. ಅಲ್ಲಾಡಿಸಿದೆ, ಕೆನ್ನೆ ತಟ್ಟಿದೆ, ಅಳಲಿಲ್ಲ. ಎಷ್ಟು ಹೊತ್ತು ಅಂತ ಗೊತ್ತಿಲ್ಲ, ಆಮೇಲೆ ಅತ್ತಿತು. ಆಸ್ಪತ್ರೆಯಲ್ಲಿ ಮೂರೂ ಜನಕ್ಕೆ ಆಮ್ಲಜನಕದ ಮಾಸ್ಕ್ ಹಾಕಿದರು. ಬರೀ ಗಾಳಿಯಲ್ಲಿದ್ದರೆ ರಕ್ತದ ವಿಷ ಅರ್ಧಕ್ಕಿಳಿಯೋಕೆ ನಾಲ್ಕೈದು ಗಂಟೆ ಬೇಕಂತೆ, ಮಾಸ್ಕ್ ಹಾಕಿದರೆ ಒಂದು, ಒಂದೂವರೆ ಗಂಟೆ ಸಾಕು. ಊರಿಗೆ ಕಾಗದ ಬರೆಯುವಾಗ "ಇಲ್ಲಿ ಎಲ್ಲ ಕ್ಷೇಮ, ಚಳಿ ಸ್ವಲ್ಪ ಜಾಸ್ತಿ" ಅಂತ ಬರೆದೆ. ಕೂಸು ದೊಡ್ಡವಳಾದ ಮೇಲೂ ಅವಳಿಗೆ ಹೇಳಲಿಲ್ಲ.

ಈಗ ನಾರ್ಕಂಡಾಗೆ ಬರೋಣ. ಶಿಮ್ಲಾ ದಾಟಿ ಸುಮಾರು 60 ಕಿಲೋಮೀಟರ್, ಎತ್ತರ ಸುಮಾರು 2,700 ಮೀಟರ್. ಸುತ್ತ ದೇವದಾರು, ಕೆಳಗೆ ಸೇಬಿನ ತೋಟಗಳು. ಒಬ್ಬ ಸೇಬು ಬೆಳೆಗಾರರ ಹೋಂಸ್ಟೇ ಅಂಗಳದಲ್ಲಿ ವ್ಯಾನ್ ನಿಲ್ಲಿಸೋಕೆ ಜಾಗ ಕೇಳಿದ್ವಿ. ಮನೆ ಖಾಲಿ ಇದೆ, ಒಳಗೇ ಮಲಗಿ ಅಂದರು. ಮಗಳು ಒಪ್ಪಲಿಲ್ಲ. ಇಷ್ಟು ಖರ್ಚು ಮಾಡಿ ಹೀಟರ್ ಹಾಕಿಸಿರೋದು ಯಾಕೆ ಮತ್ತೆ?

ಮೊದಲ ರಾತ್ರಿ, ಸುಳ್ಳು ಹೇಳಬಾರದು, ಸ್ವರ್ಗ. ಹೊರಗೆ ಸೊನ್ನೆಗಿಂತ ಐದಾರು ಡಿಗ್ರಿ ಕೆಳಗೆ, ಒಳಗೆ 18. ಹೀಟರ್ ಗುಂಯ್ ಅಂತಿತ್ತು. ಮಾಡಿನ ಕಿಂಡಿ ಒಂದಿಂಚು ತೆಗೆದಿತ್ತು (ನಾನೇ ಎದ್ದು ನೋಡಿ ಬಂದೆ, ಎರಡು ಸಲ). ಬೆಳಿಗ್ಗೆ ಗಾಜಿನ ಮೇಲೆ ಸ್ವಲ್ಪ ಹನಿ, ಅಷ್ಟೇ. ನನ್ನ ಮಂಚದ ಪಕ್ಕ ನಾನೇ ತರಿಸಿದ್ದ ಕಾರ್ಬನ್ ಮೊನಾಕ್ಸೈಡ್ ಅಲಾರಂ. ಅಳಿಯ ಅದಕ್ಕೆ "ಪಾಪಾಜಿ ಕಾ ತಾಯಿತ" ಅಂತ ಹೆಸರಿಟ್ಟಿದ್ದ.

ಎರಡನೇ ದಿನ ಮಧ್ಯಾಹ್ನದಿಂದ ಹಿಮ ಬೀಳೋಕೆ ಶುರುವಾಯ್ತು. ಮೊಮ್ಮಗನಿಗೆ ಕುಣಿದಾಟ. ನಾವೆಲ್ಲ ಫೋಟೋ ತೆಗೆದಿದ್ದೇ ತೆಗೆದಿದ್ದು. ವ್ಯಾನಿನ ಮೇಲಿನ ಸೋಲಾರ್ ಪ್ಯಾನೆಲ್ ಬಿಳಿ ಹಾಸಿಗೆಯಡಿ ಮುಚ್ಚಿಹೋದದ್ದು ಯಾರ ಗಮನಕ್ಕೂ ಬರಲಿಲ್ಲ. ಫ್ರಿಜ್ಜು ಓಡ್ತಿತ್ತು (ಹೊರಗೆಲ್ಲ ಫ್ರಿಜ್ಜೇ ಆಗಿರುವಾಗ!), ಫೋನುಗಳು ಚಾರ್ಜಾಗ್ತಿದ್ವು, ಮಗು ಕಾರ್ಟೂನ್ ನೋಡ್ತಿತ್ತು. ಚಳಿಗೆ ಬ್ಯಾಟರಿಯ ತಾಕತ್ತೂ ಕುಗ್ಗುತ್ತೆ. ರಾತ್ರಿ ಎರಡರ ಸುಮಾರಿಗೆ ವೋಲ್ಟೇಜ್ ಸಾಲದೆ ಹೀಟರ್ ತಾನಾಗೇ ನಿಂತಿದೆ.

ನನಗೆ ಎಚ್ಚರವಾದದ್ದು ಚಳಿಗಲ್ಲ, ಸುಸ್ಸ್ ಅನ್ನೋ ಸದ್ದಿಗೆ. ಕಣ್ಣು ಬಿಟ್ಟರೆ ಗೋಡೆ ಮೇಲೆಲ್ಲ ನೀಲಿ ಬೆಳಕು. ಅಳಿಯ ಗ್ಯಾಸ್ ಒಲೆಯ ಎರಡೂ ಬರ್ನರ್ ಹಚ್ಚಿ ಮುಂದೆ ಕೈ ಚಾಚಿಕೊಂಡು ಕೂತಿದ್ದ. ತಲೆ ಎತ್ತಿ ನೋಡಿದೆ, ಮಾಡಿನ ಕಿಂಡಿ ಮುಚ್ಚಿತ್ತು.

"ಬಂದ್ ಕರೋ!" ಅಂತ ನಾನು ಕಿರುಚಿದ್ದಕ್ಕೆ ಮಗು ಬೆಚ್ಚಿಬಿದ್ದು ಅಳೋಕೆ ಶುರುಮಾಡಿತು. "ಪಾಪಾ, ಐದೇ ನಿಮಿಷ. ಮಗೂಗೆ ಚಳಿ. ಅಲಾರಂ ಕೂಗ್ತಿಲ್ಲವಲ್ಲ" ಅಂದ. ಅಲಾರಂ ತಕ್ಷಣ ಕೂಗಲ್ಲ ಸ್ವಾಮಿ. ಗಾಳಿಯಲ್ಲಿ 300 ಪಿಪಿಎಂ ಮುಟ್ಟಿದರೆ ಮೂರು ನಿಮಿಷದಲ್ಲಿ ಕೂಗುತ್ತೆ, 50 ಇದ್ದರೆ ಒಂದು ಗಂಟೆ ಸುಮ್ಮನಿರುತ್ತೆ. ಗ್ಯಾಸ್ ಒಲೆ ಮೊದಲು ಚೆನ್ನಾಗೇ ಉರಿಯುತ್ತೆ. ಮುಚ್ಚಿದ ಜಾಗದ ಆಮ್ಲಜನಕ ಕಮ್ಮಿಯಾಗ್ತಾ ಆಗ್ತಾ ಅರ್ಧಂಬರ್ಧ ಉರಿದು ವಿಷ ಹುಟ್ಟೋಕೆ ಶುರು. ಅಷ್ಟರಲ್ಲಿ ಬೆಚ್ಚಗಾಗಿ ಎಲ್ಲರಿಗೂ ಜೊಂಪು ಹತ್ತಿರುತ್ತೆ. ಐದು ನಿಮಿಷ ಅಂತ ಹಚ್ಚಿದವನೂ ಮಲಗಿರ್ತಾನೆ. ಇದನ್ನೆಲ್ಲ ಆಗ ನಾನು ಹೀಗೆ ವಿವರವಾಗಿ ಹೇಳಲಿಲ್ಲ. ಎದ್ದು ಹೋಗಿ ಒಲೆ ಆರಿಸಿ, ಸಿಲಿಂಡರ್ ತಿರುಗಿಸಿ, ಬಾಗಿಲು ತೆಗೆದೆ. ಹಿಮದ ಗಾಳಿ ರಪ್ ಅಂತ ಒಳಗೆ ಬಂತು. ಮಗಳಿಗೆ ಸಿಟ್ಟು ನೆತ್ತಿಗೇರಿತು. "ಅಪ್ಪ, ಹುಚ್ಚಾ ನಿನಗೆ? ಮಗು ಇದೆ ಇಲ್ಲಿ!"

ಆಗ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ನನ್ನಾಕೆ ಮಾತಾಡಿದಳು. "ಅವರನ್ನ ಬೈಬೇಡ ಪುಟ್ಟಿ. ನೀನು ಆರು ತಿಂಗಳ ಕೂಸಾಗಿದ್ದಾಗ ಹೀಗೇ ಆಗಿತ್ತು" ಅಂತ ಶುರುಮಾಡಿ ಎಲ್ಲ ಹೇಳಿದಳು. ತಾರಸಿ, ಅಂಗೀಠಿ, ಪೇಪರ್. ಮೂವತ್ತು ವರ್ಷದಲ್ಲಿ ನಮ್ಮಿಬ್ಬರ ಬಾಯಲ್ಲೂ ಬಾರದ ಕಥೆ. ಮೇಲೆ ನಾನು ಬರೆಯುವಾಗ ಒಂದು ಮಾತು ಬಿಟ್ಟಿದ್ದೆ, ಅವಳು ಬಿಡಲಿಲ್ಲ. ಅವತ್ತು ಸಂಜೆ ಅವಳು "ಏನ್ರೀ, ಅಜ್ಜಿ ಹೇಳಿದ್ದಾರಲ್ಲ, ಕಿಟಕಿ ಪೇಪರ್ ಒಂಚೂರು ಹರೀರಿ" ಅಂದಿದ್ದಳು. "ನಿನಗೇನು ಗೊತ್ತು, ಕಷ್ಟಪಟ್ಟು ಅಂಟಿಸಿದೀನಿ" ಅಂದಿದ್ದೆ ನಾನು. ಅವಳು ಅದನ್ನ ದೂರುವ ಹಾಗೆ ಹೇಳಲಿಲ್ಲ. ಸುಮ್ಮನೆ, ಅದೂ ಕಥೆಯ ಒಂದು ಭಾಗ ಅನ್ನೋ ಹಾಗೆ ಹೇಳಿದಳು. ಕತ್ತಲಲ್ಲಿ ಯಾರ ಮುಖವೂ ಕಾಣ್ತಿರಲಿಲ್ಲ, ಪುಣ್ಯ. ಅಳಿಯನಿಗೆ ಕನ್ನಡ ಬರಲ್ಲ. ಆದರೂ ಏನೋ ಗೊತ್ತಾಗಿರಬೇಕು, ಎದ್ದು ಹೋಗಿ ಮಾಡಿನ ಕಿಂಡಿ ತೆಗೆದ.

ಇನ್ನೇನು ಮಾಡೋದು? ಎಂಜಿನ್ ಶುರುಮಾಡೋಣ ಅಂದ. ಹೊಗೆ ಕೊಳವೆ ಹಿಮದಲ್ಲಿ ಹೂತಿದ್ದರೆ ಅದೂ ಒಳಗೇ ಬರುತ್ತೆ, ಮೊದಲು ಹಿಮ ಅಗೆಯಬೇಕು, ಆ ಕತ್ತಲಲ್ಲಿ ಯಾರು ಅಗೆಯೋದು? "ಮನೆ ಬಾಗಿಲು ತಟ್ಟೋಣ" ಅಂದೆ. ಎಲ್ಲರಿಗೂ ಸಂಕೋಚ. ರಾತ್ರಿ ಎರಡೂವರೆ, ಸಂಜೆ ಕರೆದಾಗ ಬೇಡ ಅಂದವರು ಬೇರೆ. ಯೋಚನೆ ಮಾಡಿದರೆ 1995ರಲ್ಲೂ ಅಷ್ಟೇ, ಕೆಳಗಿಳಿದು ಹೋಗಿ ಅಜ್ಜಿಯ ಕೋಣೇಲಿ ಜಾಗ ಕೇಳಬಹುದಿತ್ತು. ಸಂಕೋಚ. ಪರಸ್ಥಳದವರಿಗೆ ಇದು ಇನ್ನೂ ಜಾಸ್ತಿ. ನಾನೇ ಹೋಗಿ ತಟ್ಟಿದೆ.

ಅಜ್ಜನ ವಯಸ್ಸಿನ ಆ ಬೆಳೆಗಾರರು ಟೋಪಿ ಸರಿಮಾಡಿಕೊಳ್ಳುತ್ತಾ ಬಾಗಿಲು ತೆಗೆದು, ಪ್ರಶ್ನೆಯನ್ನೇ ಕೇಳದೆ "ಆಯಿಯೇ, ಆಯಿಯೇ, ಬಚ್ಚೇ ಕೋ ಪೆಹಲೇ ಲಾಯಿಯೇ" ಅಂದರು. ನಡುಮನೆಯಲ್ಲಿ ತಂದೂರ್ ಇತ್ತು. ರೊಟ್ಟಿ ಸುಡೋದಲ್ಲ, ಅಲ್ಲಿ ತಂದೂರ್ ಅಂದ್ರೆ ತಗಡಿನ ಕಟ್ಟಿಗೆ ಒಲೆ, ಮೇಲೊಂದು ಕೊಳವೆ ಮಾಡು ದಾಟಿ ಹೊರಗೆ ಹೋಗಿರುತ್ತೆ. ಎರಡು ಕಟ್ಟಿಗೆ ಹಾಕಿ, ಕೊಳವೆಯನ್ನ ಟಣ್ ಟಣ್ ಅಂತ ಬೆರಳಲ್ಲಿ ಬಡಿದು, ಬಾಗಿಲ ಮೇಲಿನ ಸಣ್ಣ ಕಿಟಕಿ ಅರ್ಧ ತೆಗೆದರು. ಯಾರೂ ಹೇಳಿಕೊಟ್ಟದ್ದಲ್ಲ, ಅವರಿಗೆ ಅದು ರಾತ್ರಿಯ ಅಭ್ಯಾಸ. ನಾನು ಆ ಕಿಟಕಿಯನ್ನೇ ನೋಡ್ತಾ ಬಹಳ ಹೊತ್ತು ಕೂತಿದ್ದೆ. ಮಗಳು ಪಕ್ಕದಲ್ಲಿ ಬಂದು ಕೂತಳು, ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ನಾನು ಎಷ್ಟು ಹೊತ್ತು ಅಳಲಿಲ್ಲಪ್ಪ?" ಅಂದಳು. ಗೊತ್ತಿಲ್ಲ ಅಂದೆ. ಗೊತ್ತಿಲ್ಲ, ನಿಜವಾಗಿ.

ಬೆಳಿಗ್ಗೆ ಏಣಿ ಹಾಕಿ ಪ್ಯಾನೆಲ್ ಮೇಲಿನ ಹಿಮ ಕೆರೆದ್ವಿ. ಬಿಸಿಲು ಬಿದ್ದ ಮೇಲೆ ಮಧ್ಯಾಹ್ನದ ಹೊತ್ತಿಗೆ ಹೀಟರ್ ಮತ್ತೆ ಗುಂಯ್ ಅಂದಿತು. ಆದರೂ ಆ ರಾತ್ರಿ ಮನೆಯೊಳಗೇ ಮಲಗಿದ್ವಿ. ಈ ಸಲ ಮಗಳು ಎದುರು ಮಾತಾಡಲಿಲ್ಲ. ಮೊಮ್ಮಗನಿಗೆ ಮಾತ್ರ ವ್ಯಾನೇ ಬೇಕಂತೆ.

ಈಗ ಅವರ ವ್ಯಾನಿನಲ್ಲಿ ಎರಡನೇ ಬ್ಯಾಟರಿ ಇದೆ. ಹಿಮ ಬಿದ್ದ ದಿನ ಫ್ರಿಜ್ಜು ಬಂದ್. ರಾತ್ರಿ ಮಲಗುವ ಮುಂಚೆ ಸಿಲಿಂಡರ್ ತಿರುಗಿಸೋದು ಅಳಿಯನ ಕೆಲಸ. ಹೋದ ತಿಂಗಳು ಹೋದಾಗ ಮಾಡಿನ ಕಿಂಡಿ ಕಡೆ ಕಣ್ಣು ಹೋಯ್ತು (ಅಭ್ಯಾಸ, ಏನು ಮಾಡೋದು). ಪೂರ್ತಿ ಮುಚ್ಚೋಕೇ ಬಾರದ ಹಾಗೆ ಒಂದಿಂಚಿನ ಮರದ ತುಂಡು ಇಟ್ಟು ಸ್ಕ್ರೂ ಹೊಡೆದಿದ್ದಾನೆ. ನನಗೆ ಹೇಳಿರಲೇ ಇಲ್ಲ. ಮಳೆಗಾಲದಲ್ಲಿ ಅಲ್ಲಿಂದ ಹಾಸಿಗೆ ಮೇಲೆ ನೀರು ಸೋರುತ್ತೆ ಅಂತ ಮಗಳ ದೂರು. ಒಂದು ಬಕೆಟ್ ಇಟ್ಟುಕೋ ಅಂದೆ.